ಚೌಡಣ್ಣನ ಕೆಲಸ

ಒಂಬತ್ತನೆಯ ನಟ್ಟು ಸಡಿಲವಾಗುವವರೆಗೂ ಓಬಳಪ್ಪನ ಹತ್ತಿರ ಒಂದು ನೆಪ ಇತ್ತು. ಯಾರಾದರೂ ಬಂದು ಕೇಳಿದರೆ, ನೀರು ಸೋರುತ್ತಿತ್ತು, ಬಿಗಿ ಮಾಡುತ್ತಿದ್ದೇನೆ ಎನ್ನಬಹುದಿತ್ತು. ಹತ್ತನೆಯದಕ್ಕೆ ಸ್ಪ್ಯಾನರ್ ಹಾಕಿದ ಮೇಲೆ ಆ ನೆಪವೂ ಉಳಿಯಲಿಲ್ಲ. ಹತ್ತೂ ನಟ್ಟು ಬಿಚ್ಚಿದವನು ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಎತ್ತುವುದಲ್ಲದೆ ಇನ್ನೇನು ಮಾಡುತ್ತಾನೆ? ಅವನು ಷೆಡ್ಡಿನ ಬಾಗಿಲ ಕಡೆ ನೋಡಿದ. ಭಾನುವಾರದ ಮಧ್ಯಾಹ್ನ, ಹಿಂದೂಪುರದ ಬೆಲ್ಲದ ಮಂಡಿಗಳೆಲ್ಲ ಮುಚ್ಚಿದ್ದವು. ಬೀದಿಯಲ್ಲಿ ಖಾಲಿ ಎತ್ತಿನಗಾಡಿಯೊಂದು ಮೂಗು ನೆಲಕ್ಕಿಟ್ಟು ನಿಂತಿತ್ತು, ಅಷ್ಟೆ.

ಕಾರು ಬೆಲ್ಲದ ಮಂಡಿ ಸೀತಾರಾಮಪ್ಪನದು. ಹದಿಮೂರು ವರ್ಷ ಹಳೆಯ ಎಂ.ಜಿ., ಇಬ್ಬರೇ ಕೂರುವಂಥದು. ಬೆಂಗಳೂರು ಬಿಟ್ಟು ತನ್ನ ಇಂಗ್ಲೆಂಡು ಸೀಮೆಗೆ ಹೋಗುತ್ತಿದ್ದ ದೊರೆಯೊಬ್ಬ ಅದನ್ನು ಮಾರಿಹೋಗಿದ್ದ. ಯಲಹಂಕದ ವಿಮಾನದ ಮೈದಾನದಲ್ಲಿ ನಡೆಯುವ ಮೋಟಾರು ರೇಸನ್ನು ಒಮ್ಮೆ ನೋಡಿ ಬಂದ ಸೀತಾರಾಮಪ್ಪನಿಗೆ ಅಂದಿನಿಂದ ಬೇರೆ ಮಾತೇ ಇರಲಿಲ್ಲ. ತಾನೂ ಓಡಿಸಬೇಕು, ಆದರೆ ಸೀಮೆಯಿಂದ ಹೊಸ ಸಾಮಾನು ತರಿಸುವ ತಾಕತ್ತು ಮಂಡಿಗೆ ಇಲ್ಲ. "ಮನ ದಗ್ಗರ ಉನ್ನದಾಂತೋನೇ ಆಗ್ಬೇಕು ಓಬಳಪ್ಪ. ನಮ್ಮತ್ರ ಏನೈತೋ ಅದ್ರಾಗೇ ಮಾಡು," ಎಂದಿದ್ದ.

ಓಬಳಪ್ಪ ಮಾಡಿದ್ದ. ಆರು ತಿಂಗಳು ಅದರ ಹಿಂದೆಯೇ ಬಿದ್ದಿದ್ದ. ಮುಂದಿನ ಗಾಜು, ಬಂಪರು, ಸ್ಟೆಪ್ನಿ ಎಲ್ಲ ಕಳಚಿ ಭಾರ ಇಳಿಸಿದ. ಗುಜರಿಗೆ ಬಿದ್ದ ಬಸ್ಸಿನ ಸೀಟನ್ನು ಕತ್ತರಿಸಿ ಡ್ರೈವರನ ಸೊಂಟಕ್ಕೆ ಸರಿಯಾಗಿ ಕೂರುವ ಬಟ್ಟಲು ಮಾಡಿದ. ಬಾವಿಯ ಪಂಪಿನ ಕೊಳವೆಯನ್ನು ಬಗ್ಗಿಸಿ ಹೊಗೆಕೊಳವೆ ಕೂರಿಸಿದ. ಬ್ರೇಕಿನ ಡ್ರಮ್ಮುಗಳಿಗೆ ಗಾಳಿಯಾಡಲೆಂದು ಸಾಲಾಗಿ ತೂತು ಕೊರೆದ. ಆದರೆ ಇಂಜಿನ್ನಿಗೆ ಕಸುವು ಬರಬೇಕಾದರೆ ಹೆಡ್ಡಿನ ತಳವನ್ನು ಅರ್ಧ ನೂಲು, ಅಂದರೆ ಅಂಗುಲದ ಹದಿನಾರನೇ ಒಂದು ಪಾಲಿನಷ್ಟು ತೆಗೆದು ಮಟ್ಟ ಮಾಡಬೇಕಿತ್ತು. ಆ ಮಾತು ಬಂದ ದಿನ ಸೀತಾರಾಮಪ್ಪ ತಲೆ ಕೆರೆದುಕೊಂಡು, "ಅದು ಮಾತ್ರ ಕಲ್ಯಾಣದುರ್ಗದ ಚೌಡಣ್ಣನ ಕೈಲಿ ಆಗ್ಲಿ," ಎಂದುಬಿಟ್ಟ.

ಓಬಳಪ್ಪ ತಲೆಯಾಡಿಸಿದ್ದ. ಹೆಡ್ಡನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿಗೆ ಹಾಕಿದವನೂ ತಾನೇ. ಮನೆಗೆ ಹೋದವನು ಮಾತ್ರ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಇಪ್ಪತ್ತು ವರ್ಷಗಳ ಹಿಂದೆ ಪೆನುಕೊಂಡದ ಬಸ್ ಕಂಪೆನಿಯ ಷೆಡ್ಡಿನಲ್ಲಿ ಅವನೂ ಚೌಡಣ್ಣನೂ ಒಂದೇ ಉಸ್ತಾದನ ಕೈಕೆಳಗೆ ಕೆಲಸ ಕಲಿತವರು. ಓಬಳಪ್ಪ ಎರಡು ವರ್ಷ ಮೊದಲೇ ಸೇರಿದವನು. ಬಸ್ಸಿನ ಚಕ್ರ ಕಳಚುವುದಿರಲಿ, ಗೇರುಪೆಟ್ಟಿಗೆ ಹೊರುವುದಿರಲಿ, ಉಸ್ತಾದ ವೆಂಕಟರಾಯಪ್ಪ ಕರೆಯುತ್ತಿದ್ದುದು ಅವನನ್ನೇ. ಎಲ್ಲ ಕೂರಿಸಿ ಆದಮೇಲೆ ಕೊನೆಯಲ್ಲಿ ಮಾತ್ರ, "ಲೇ ಚೌಡ, ನೀನೊಂದ್ ಕಿತ ಕೈ ಆಡ್ಸೋ," ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಓಬಳಪ್ಪ ಎಂಟು ವರ್ಷ ಕಾದಿದ್ದ. ಉಸ್ತಾದ ಸತ್ತೇಹೋದ.

ಹೆಡ್ಡು ಕಲ್ಯಾಣದುರ್ಗದಿಂದ ವಾಪಸು ಬಂದಾಗ ಜೊತೆಯಲ್ಲಿ, ಹೆಡ್ಡಿಗೂ ಇಂಜಿನ್ನಿಗೂ ನಡುವೆ ಸೋರದಂತೆ ಹಾಕಲೆಂದು ಕೈಯಲ್ಲೇ ಕತ್ತರಿಸಿದ ತಾಮ್ರದ ಗ್ಯಾಸ್ಕೆಟ್ಟೂ ಇತ್ತು. ಕೂರಿಸಿ ಚಾಲೂ ಮಾಡಿದರೆ ಗಾಡಿ ಷೆಡ್ಡಿನ ತಗಡು ಅದುರುವಂತೆ ಗುಡುಗಿತು. ಸೀತಾರಾಮಪ್ಪ ಕುಣಿದಾಡಿಬಿಟ್ಟ. "ಅಬ್ಬಬ್ಬಾ! ಏಮಿ ಪನಿಮಂತುಡಪ್ಪಾ ಚೌಡಣ್ಣ!" ಎಂಥ ಕೆಲಸಗಾರನಪ್ಪಾ ಎಂದು ತೆಲುಗಿನಲ್ಲೇ ಮೂರು ಸಲ ಹೇಳಿದ. ಬಟ್ಟಲು ಸೀಟಿನ ಮೇಲೆ ಕೂತುಕೊಂಡೇ ಹೇಳಿದ. ಮಾರನೆಯ ದಿನ ಗುತ್ತಿಯಲ್ಲಿ ನೆಂಟರ ಮದುವೆಗೆಂದು ಹೋದವನು ಶುಕ್ರವಾರ ಬರುವವನಿದ್ದ. ಅದರ ನಂತರದ ಭಾನುವಾರವೇ ರೇಸು.

ಹಾಗಾಗಿ ಓಬಳಪ್ಪ ಹೆಡ್ಡು ಬಿಚ್ಚುತ್ತಿದ್ದ. ಅವನಿಗೆ ಚೌಡಣ್ಣನ ಕೆಲಸದಲ್ಲಿ ಒಂದು ತಪ್ಪು ಬೇಕಿತ್ತು. ಸಣ್ಣದೇ ಸಾಕು.

ಹೆಡ್ಡು ಅಂಟಿಕೊಂಡಿತ್ತು. ಸ್ಕ್ರೂಡ್ರೈವರಿನ ತುದಿ ತೂರಿಸಿ ಮೀಟಿ ಎತ್ತಿದ, ಮೇಜಿನ ಮೇಲೆ ಬೋರಲು ಮಾಡಿ ಬಟ್ಟೆಯಿಂದ ಒರೆಸಿದ. ಉಕ್ಕಿನ ಅಳತೆಪಟ್ಟಿಯನ್ನು ಅದರ ಮೇಲೆ ನಿಲ್ಲಿಸಿ ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಬೆಳಕೂ ತೂರಲಿಲ್ಲ. ಕಲ್ಯಾಣದುರ್ಗದಲ್ಲಿ ಹೆಡ್ಡು ಹೆರೆಯುವ ಮಿಷನ್ನು ಎಲ್ಲಿಂದ ಬರಬೇಕು? ಅಷ್ಟನ್ನೂ ಚೌಡಣ್ಣ ಅರದಿಂದ ಉಜ್ಜಿ, ಉಳಿಯಿಂದ ಹೆರೆದು, ಉಬ್ಬು ಕಾಣಲೆಂದು ನೀಲಿ ಹಚ್ಚಿ ನೋಡಿ ಮತ್ತೆ ಹೆರೆದು ಮಾಡಿದ್ದ. ಗೀರುಗಳು ಸಾವಿರಾರು ಇದ್ದವು. ಎಲ್ಲವೂ ಒಂದೇ ಆಳ.

ಇನ್ನೊಂದು ಉಳಿದಿತ್ತು. ಹೆಡ್ಡಿನಲ್ಲಿ ಪೆಟ್ರೋಲು ಉರಿಯುವ ನಾಲ್ಕು ಗುಳಿಗಳು. ನಾಲ್ಕೂ ಒಂದೇ ಅಳತೆ ಇರಬೇಕು. ಓಬಳಪ್ಪ ಮನೆಗೆ ಹೋಗಿ ಮಗಳ ಕೆಮ್ಮಿನ ಔಷಧಿಯ ಗೆರೆಲೋಟ ತಂದ. ಹೆಂಡತಿ ನರಸಕ್ಕ, "ಮಗಾ ಮಲ್ಗೈತೆ, ಲೋಟ ಯಾಕೆ?" ಎನ್ನುವಷ್ಟರಲ್ಲಿ ಬಾಗಿಲು ದಾಟಿದ್ದ. ಒಂದೊಂದೇ ಗುಳಿಗೆ ಅಂಚಿನವರೆಗೆ ಸೀಮೆಎಣ್ಣೆ ಹೊಯ್ದು ಅಳೆದ. ಮೊದಲನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು ಎಲ್ಲ ಒಂದೇ ಗೆರೆಗೆ ನಿಂತವು. ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ತಪ್ಪು ಹುಡುಕಲೆಂದು ಈ ಅಳತೆ ಅವನಿಗೆ ಇವತ್ತು ಹೊಳೆದಿತ್ತು. ಚೌಡಣ್ಣ ಗುಳಿಗಳನ್ನು ಸಮ ಮಾಡಲೆಂದು ತಿಂಗಳ ಹಿಂದೆಯೇ ಅಳೆದು ಮುಗಿಸಿದ್ದ.

ಓಬಳಪ್ಪ ಲೋಟದ ಸೀಮೆಎಣ್ಣೆಯನ್ನು ಡಬ್ಬಿಗೆ ಸುರಿದು ಕೂತ. ತಪ್ಪು ಸಿಕ್ಕಿದ್ದರೆ ಮುಚ್ಚಿಟ್ಟು ದೊಡ್ಡವನಾಗಬಹುದಿತ್ತು, ಎತ್ತಿ ಆಡಿದ್ದರೂ ದೊಡ್ಡವನಾಗಬಹುದಿತ್ತು. ಈಗ ಅವನಿಗೆ ಯಾವ ದಾರಿಯೂ ಇರಲಿಲ್ಲ. ಎದ್ದು ಹೆಡ್ಡನ್ನು ಮತ್ತೆ ಕೂರಿಸಲು ಹೋದಾಗ ಕಂಡಿತು: ಸ್ಕ್ರೂಡ್ರೈವರಿನ ಏಟಿಗೆ ತಾಮ್ರದ ಗ್ಯಾಸ್ಕೆಟ್ಟು ಎರಡನೆಯ ತೂತಿಗೂ ಮೂರನೆಯದಕ್ಕೂ ನಡುವೆ ಹರಿದುಹೋಗಿತ್ತು.

ಎರಡು ದಿನ ಅವನೇ ಎರಡು ಹೊಸ ಗ್ಯಾಸ್ಕೆಟ್ಟು ಕತ್ತರಿಸಿ ನೋಡಿದ. ಎರಡೂ ಸೋರಿದವು, ಇಂಜಿನ್ ಆಯಿಲಿಗೆ ನೀರು ಬೆರೆತು ಮಜ್ಜಿಗೆಯಾಯಿತು. ಬುಧವಾರ ಬೆಳಿಗ್ಗೆ ಹರಿದ ತಾಮ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿದ.

ಕಲ್ಯಾಣದುರ್ಗದಲ್ಲಿ ಚೌಡಣ್ಣನ ಷೆಡ್ಡು ಎಂದರೆ ಒಂದು ಬೇವಿನ ಮರ, ಒಂದು ತಗಡು, ರಿಪೇರಿಗೆ ಬಂದ ಐದಾರು ಆಯಿಲ್ ಇಂಜಿನ್ನುಗಳು. ಅದರ ಹಿಂದೆಯೇ ಮನೆ. ಓಬಳಪ್ಪನನ್ನು ಕಂಡದ್ದೇ ಚೌಡಣ್ಣ ಕೈ ಒರೆಸಿಕೊಳ್ಳುತ್ತ ಓಡಿಬಂದ.

"ಓಬಳಣ್ಣಾ! ಏನಣ್ಣ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಬಾ ಬಾ, ಕೂತ್ಕಾ. ಲೇ ಓಬಮ್ಮಾ, ಹಿಂದೂಪುರದಿಂದ ನಮ್ಮಣ್ಣ ಬಂದವ್ನೆ, ನೀರು ತಾ."

ಆ 'ಅಣ್ಣ' ಎನ್ನುವ ಮಾತು ಓಬಳಪ್ಪನಿಗೆ ಯಾವಾಗಲೂ ಮುಳ್ಳಿನಂತೆ ಚುಚ್ಚುತ್ತಿತ್ತು. ಇವನು ಒಮ್ಮೆಯಾದರೂ ಜಂಬ ಮಾಡಿದ್ದರೆ ಎಷ್ಟು ಸುಖವಾಗಿರುತ್ತಿತ್ತು! ಅವನು ಪೇಪರು ಬಿಚ್ಚಿದ.

"ನಿನ್ ಗ್ಯಾಸ್ಕೆಟ್ಟು ಹೊಡ್ಕಂಡ್ ಹೋಯ್ತು ಕಣ್ಲಾ ಚೌಡ. ಇಂಜಿನ್ ಓಡೋವಾಗ್ಲೇ," ಎಂದ.

ಚೌಡಣ್ಣ ತಾಮ್ರವನ್ನು ತೆಗೆದುಕೊಂಡು ಹರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಅಲ್ಲಿ ಸ್ಕ್ರೂಡ್ರೈವರಿನ ತುದಿಯ ಅಗಲಕ್ಕೆ ಸರಿಯಾಗಿ ಒಂದು ತಗ್ಗಿತ್ತು. ಹೆಬ್ಬೆರಳು ಆ ತಗ್ಗಿನಲ್ಲಿ ನಿಂತಿತು. ಓಬಳಪ್ಪ ಬೇವಿನ ಮರದ ಕಡೆ ನೋಡಿದ.

"ಆಗ್ತೈತೆ ಬಿಡಣ್ಣ," ಎಂದ ಚೌಡಣ್ಣ ನಿಧಾನವಾಗಿ. "ತಾಮ್ರ ತಾನೆ."

ಒಳಗಿನಿಂದ ಅಗಲವಾದ ತಾಮ್ರದ ಹರಿವಾಣ ತಂದ. ಹೆಂಡತಿ ಓಬಮ್ಮ ನೀರಿನ ಚೆಂಬು ಕೆಳಗಿಟ್ಟವಳೇ ಹರಿವಾಣದ ಅಂಚು ಹಿಡಿದುಕೊಂಡಳು. "ಹೋದ ತಿಂಗ್ಳು ಹಂಡೆ ಮುಚ್ಚಳ ಆತು. ಇದು ನಮ್ಮವ್ವ ಮದ್ವೇಲಿ ಕೊಟ್ಟಿದ್ದು ಕಣಯ್ಯ. ಆ ಕಾರು ನಂ ಮನೆ ಪಾತ್ರೆನೆಲ್ಲಾ ತಿಂದ್ ಹಾಕ್ತೈತಾ?" ಗಂಡ ನಕ್ಕ. ಅವಳು ನಗಲಿಲ್ಲ, ಆದರೆ ಕೈ ಬಿಟ್ಟಳು.

ಚೌಡಣ್ಣ ತಾಮ್ರವನ್ನು ಕೆಂಡದಲ್ಲಿ ಕಾಯಿಸಿ, ನೀರಿಗೆ ಹಾಕಿ ಮೆದು ಮಾಡಿ, ಕತ್ತರಿಸಲು ಕೂತ. ಗೀಟು ಹಾಕಿಕೊಳ್ಳಲಿಲ್ಲ. ಅಳತೆ ಅವನ ಕಣ್ಣಲ್ಲೇ ಇತ್ತು. ತೂತು ಕೊರೆಯುತ್ತ ಕೊರೆಯುತ್ತ ಕೇಳಿದ: "ಅಣ್ಣ, ಆ ಗಾಡಿ ಹೆಂಗೈತೆ ನೋಡೋಕೆ?"

ಓಬಳಪ್ಪನಿಗೆ ಆಗಲೇ ಗೊತ್ತಾದದ್ದು. ಇವನ ಹತ್ತಿರ ಬಂದದ್ದು ಗೋಣಿತಾಟಿನಲ್ಲಿ ಸುತ್ತಿದ ಒಂದು ಕಬ್ಬಿಣದ ತುಂಡು ಮಾತ್ರ. ಗಾಡಿಯನ್ನು ಇವನು ಕಂಡೇ ಇಲ್ಲ.

"ಹಳೇದು," ಎಂದ. "ಬಣ್ಣ ಎಲ್ಲಾ ಹೋಗೈತೆ."

"ಏನ್ ಬಣ್ಣ?"

"ಹಸ್ರು."

"ಸೌಂಡು?"

"ಗಾಡಿ ಸೌಂಡು. ಇನ್ನೇನಿರ್ತೈತೆ?"

"ರೇಸು ಯಾವತ್ತಣ್ಣ? ಬಂದು ಒಂದ್ ಕಿತ ನೋಡ್ಬೇಕು ಅಂತ ಆಸೆ."

"ಇನ್ನಾ ಗೊತ್ತಿಲ್ಲ," ಎಂದ ಓಬಳಪ್ಪ. "ಗೊತ್ತಾದ್ರೆ ಹೇಳಿ ಕಳಿಸ್ತೀನಿ."

ಭಾನುವಾರ ಯಲಹಂಕದ ಮೈದಾನದಲ್ಲಿ ಪೀಪಾಯಿಗಳನ್ನೂ ಹುಲ್ಲಿನ ಹೊರೆಗಳನ್ನೂ ಇಟ್ಟು ತಿರುವು ಮಾಡಿದ್ದರು. ಬೆಂಗಳೂರಿನವರು, ಮದರಾಸಿನವರು, ಕಲ್ಕತ್ತೆಯಿಂದ ಬಂದ ಒಬ್ಬ ಮಹಾರಾಜನ ಕಡೆಯವನು. ಅವರ ನಡುವೆ ಮಡ್‌ಗಾರ್ಡೂ ಇಲ್ಲದ ಹಿಂದೂಪುರದ ಎಂ.ಜಿ. ಗರಿ ಕಿತ್ತ ಕೋಳಿಯಂತೆ ಕಾಣುತ್ತಿತ್ತು. ಬಾವುಟ ಬಿದ್ದ ಮೇಲೆ ಮಾತ್ರ ಯಾರೂ ನಗಲಿಲ್ಲ. ಹತ್ತು ಸುತ್ತಿನಲ್ಲಿ ಸೀತಾರಾಮಪ್ಪ ಐದು ಗಾಡಿಗಳನ್ನು ಹಿಂದೆ ಹಾಕಿದ. ಉದ್ದನೆಯ ನೇರ ದಾರಿಯಲ್ಲಿ ಎಂ.ಜಿ. ಒಂದೇ ಉಸಿರಿಗೆ ಚೀರುತ್ತ ಹೋಗುವಾಗ ಓಬಳಪ್ಪನ ಕಣ್ಣಲ್ಲಿ ನೀರು ಬಂತು. ಅದು ಮೂರನೆಯದಾಗಿ ಗೆರೆ ದಾಟಿತು.

ಜನ ಸೀತಾರಾಮಪ್ಪನನ್ನು ಎತ್ತಿಕೊಂಡು ಹೋದರು. ಗಾಡಿಯ ಹತ್ತಿರ ಓಬಳಪ್ಪ ಒಬ್ಬನೇ ಉಳಿದಿದ್ದಾಗ ಹ್ಯಾಟು ಹಾಕಿಕೊಂಡ ವಯಸ್ಸಾದ ಮನುಷ್ಯರೊಬ್ಬರು ಬಂದು ಇಂಜಿನ್ನಿನ ಮೇಲೆ ಬಗ್ಗಿದರು. ಬೆಂಗಳೂರಿನಲ್ಲಿ ದೊಡ್ಡ ವರ್ಕ್‌ಷಾಪು ಇಟ್ಟವರಂತೆ.

"ಇಷ್ಟು ಹಳೆಯ ಇಂಜಿನ್ನು ಇಷ್ಟು ಸಮವಾಗಿ ಓಡಿದ್ದು ನಾನು ಕಂಡಿಲ್ಲ. ಹೆಡ್ಡಿನ ಕೆಲಸ ಯಾರದಪ್ಪ? ನಿನ್ನದೇನು?"

ಬೆಳಗಿನಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

"ಹೌದು ಬುದ್ಧಿ," ಎಂದ ಓಬಳಪ್ಪ.

"ಹೇಗೆ ಮಾಡಿದೆ?"

ಅವನು ಹೇಳಿದ. ಅರದಿಂದ ಉಜ್ಜಿದ್ದು, ನೀಲಿ ಹಚ್ಚಿದ್ದು, ನಾಲ್ಕು ಗುಳಿಗೂ ಎಣ್ಣೆ ಹೊಯ್ದು ಸಮ ಮಾಡಿದ್ದು, ಹರಿವಾಣದ ತಾಮ್ರವನ್ನು ಕೆಂಡದಲ್ಲಿ ಮೆದು ಮಾಡಿದ್ದು. ಎಲ್ಲಿಯೂ ತಡವರಿಸಲಿಲ್ಲ. ತನ್ನ ಕೆಲಸವನ್ನು ಕೂಡ ಅವನು ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಆ ಹಿರಿಯರು ಎಣ್ಣೆ ಮೆತ್ತಿದ ಅವನ ಕೈಯನ್ನು ಹಿಡಿದು ಕುಲುಕಿದರು.

ಊರಿಗೆ ಬಂದು ನಾಲ್ಕು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಸಿಗಬೇಕೆಂದು ಇಪ್ಪತ್ತು ವರ್ಷ ಬಯಸಿದ್ದು ಸಿಕ್ಕಿತ್ತು. ಆದರೆ ನೆನೆಸಿಕೊಂಡಾಗಲೆಲ್ಲ ಆ ಹಿರಿಯರು ಕುಲುಕಿದ ಕೈ ಚೌಡಣ್ಣನದಾಗಿ ಕಾಣುತ್ತಿತ್ತು. ಅದಕ್ಕೂ ಅವನಿಗೆ ಹೊಟ್ಟೆಕಿಚ್ಚೇ ಆಯಿತು. "ಗೆದ್ ಬಂದೋರು ಹಿಂಗಾ ಮಕ ಮಾಡ್ಕಂಡ್ ಕೂತಿರೋದು?" ಎಂದಳು ನರಸಕ್ಕ. ಐದನೆಯ ದಿನ ಅವನು ಸೀತಾರಾಮಪ್ಪನ ಮಂಡಿಗೆ ಹೋಗಿ, ಗಾಡಿಯನ್ನು ಉದ್ದಕ್ಕೆ ಓಡಿಸಿ ನೋಡಬೇಕು, ಒಂದು ದಿನ ಕೊಡಿ ಎಂದು ಕೇಳಿದ. ಗೆಲುವಿನ ಗುಂಗಿನಲ್ಲಿದ್ದ ಸಾವ್ಕಾರ ಕೂಡಲೇ ಒಪ್ಪಿದ.

ಮಡ್‌ಗಾರ್ಡು ಮತ್ತೆ ಹಾಕಿ, ಮುಖಕ್ಕೆ ಟವೆಲು ಸುತ್ತಿಕೊಂಡು, ಓಬಳಪ್ಪ ಮಧ್ಯಾಹ್ನದ ಹೊತ್ತಿಗೆ ಕಲ್ಯಾಣದುರ್ಗ ಸೇರಿದ. ಬೇವಿನ ಮರದ ಕೆಳಗೆ ಗಾಡಿ ನಿಂತಾಗ ಚೌಡಣ್ಣ ಅರ ಕೆಳಗಿಟ್ಟು ಎದ್ದ. ಒಂದು ಸುತ್ತು ಬಂದ. ತೂತು ಕೊರೆದ ಡ್ರಮ್ಮು ನೋಡಿದ, ಪಂಪಿನ ಕೊಳವೆ ಮುಟ್ಟಿದ, ಬಸ್ಸಿನ ಸೀಟಿನ ಬಟ್ಟಲಿನೊಳಗೆ ಅಂಗೈ ಇಟ್ಟ.

"ಇದೆಲ್ಲಾ ನೀನೇ ಮಾಡಿದ್ದಾ ಅಣ್ಣ?" ಎಂದ. ಅವನ ದನಿಯಲ್ಲಿ ಓಬಳಪ್ಪ ಹಿಂದೆಂದೂ ಕೇಳದ ಏನೋ ಇತ್ತು. "ನನ್ ಕೈಲಿ ಆಗ್ತಿರ್ಲಿಲ್ಲ ಕಣಣ್ಣ ಇದು. ನಂಗೆ ಒಂದ್ ತುಂಡು ಕೊಟ್ರೆ ಕೂತ್ಕಂಡ್ ಕೆರೀತೀನಿ. ಇಡೀ ಗಾಡಿ ನಂಗೆ ಯಾರೂ ಕೊಡಾಕಿಲ್ಲ."

ಇಂಜಿನ್ನು ಇನ್ನೂ ಓಡುತ್ತಿತ್ತು. ಚೌಡಣ್ಣ ತಲೆ ಒಂದು ಕಡೆ ವಾಲಿಸಿ, "ಮೂರ್ನೇ ಟ್ಯಾಪೆಟ್ಟು ಒಂಚೂರು ಸಡ್ಲ ಐತೆ," ಎಂದ. ಹೌದು, ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಹಿಂದೂಪುರದಿಂದ ಅಷ್ಟು ದೂರ ಅದರ ಹಿಂದೆಯೇ ಕೂತು ಬಂದ ಓಬಳಪ್ಪನಿಗೆ ಅದು ಈಗ ಕೇಳಿಸಿತು.

ಅವನು ಕೀ ತಿರುಗಿಸಿ ಇಂಜಿನ್ನು ನಿಲ್ಲಿಸಿದ. ಆಮೇಲೆ, ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿ, ಸಿಕ್ಕಿದ ಹಾಗೆ ಹೇಳಿದ.

"ರೇಸು ಆಗೋಯ್ತು ಚೌಡ. ಹೋದ ಭಾನ್ವಾರ. ಮೂರ್ನೇದು ಬಂತು. ನಾನು ಬೇಕಂತ್ಲೇ ಹೇಳಿ ಕಳಿಸ್ಲಿಲ್ಲ. ಗ್ಯಾಸ್ಕೆಟ್ಟು ನಾನೇ ಹರ್ದಿದ್ದು, ನಿಂಗೊತ್ತೈತೆ. ಒಬ್ರು ದೊಡ್ ಮನುಸ್ರು ಬಂದು, ಹೆಡ್ಡು ಯಾರು ಮಾಡಿದ್ದು ಅಂತ ಕೇಳಿದ್ರು. ನಾನೇ ಅಂದ್ಬುಟ್ಟೆ."

ಚೌಡಣ್ಣ ಗಾಡಿಯ ಬಾನೆಟ್ಟಿನ ಮೇಲೆ ಇಟ್ಟಿದ್ದ ಕೈ ತೆಗೆಯಲಿಲ್ಲ. ಬಾಗಿಲಲ್ಲಿ ಮಜ್ಜಿಗೆಯ ಚೆಂಬು ಹಿಡಿದು ನಿಂತಿದ್ದ ಓಬಮ್ಮ ಗಂಡನ ಮುಖವನ್ನೇ ನೋಡಿದಳು.

"ಏನಂದ್ರು ಅವ್ರು?" ಎಂದು ಕೇಳಿದ ಚೌಡಣ್ಣ.

"ಇಂಥ ಕೆಲ್ಸ ಕಂಡಿಲ್ಲ ಅಂದ್ರು. ಕೈ ಕುಲುಕಿದ್ರು."

ಚೌಡಣ್ಣ ಬಾನೆಟ್ಟಿನಿಂದ ಕೈ ತೆಗೆದ. ಆಮೇಲೆ ಅಂಗೈ ಚಾಚಿದ.

"ಕೀ ಕೊಡು," ಎಂದ. ಅಣ್ಣ ಎನ್ನಲಿಲ್ಲ.

ಓಬಳಪ್ಪ ಕೊಟ್ಟ. ಚೌಡಣ್ಣ ಬಟ್ಟಲಿನೊಳಗೆ ಇಳಿದು ಕೂತ, ಇಂಜಿನ್ನು ಎಬ್ಬಿಸಿದ. ಕುಂದುರ್ಪಿ ಕಡೆಯ ರಸ್ತೆಗೆ ತಿರುಗಿದ ಗಾಡಿ ಒಂದು ಕ್ಷಣ ತಡೆದಂತೆ ಮಾಡಿ, ಮರುಕ್ಷಣ ಧೂಳಿನ ಗೋಡೆ ಎಬ್ಬಿಸಿ ಹೋಯಿತು. ಓಬಮ್ಮ ರಸ್ತೆಯ ಅಂಚಿಗೆ ಬಂದು ಓಬಳಪ್ಪನ ಪಕ್ಕದಲ್ಲಿ ನಿಂತಳು.

"ಎಲ್ಲಿಗ್ ಹೋಯ್ತಾವ್ನೆ?" ಎಂದಳು.

ಓಬಳಪ್ಪನಿಗೆ ಗೊತ್ತಿರಲಿಲ್ಲ. ಕೆರೆ ಏರಿಯ ಹತ್ತಿರ ರಸ್ತೆ ಸೊಟ್ಟಗೆ ತಿರುಗುತ್ತದೆ. ಬರುವಾಗ ಅದನ್ನು ಕಂಡಿದ್ದ. ಯಾರೇ ಆದರೂ ಅಲ್ಲಿ ವೇಗ ಇಳಿಸಬೇಕು. ಅವನು ಕಾದ. ಧೂಳಿನ ಆಚೆಯಿಂದ ಬರುತ್ತಿದ್ದ ಸದ್ದು ಇಳಿಯಲಿಲ್ಲ. ಇನ್ನೂ ಒಂದು ಗೇರು ಏರಿತು. ಚಪ್ಪಲಿಯೊಳಗಿನ ಅವನ ಬಲಗಾಲು ಬ್ರೇಕು ತುಳಿಯುವಂತೆ ರಸ್ತೆಯಂಚಿನ ಸಡಿಲ ಮಣ್ಣನ್ನು ಬಲವಾಗಿ ಒತ್ತುತ್ತಿತ್ತು.