ಕೊಕ್ಕರ್ಣೆಯಿಂದ ಬಂದ ಭರಣಿ

ಕೋಟದ ಕಮಲಾಕ್ಷ ಮಯ್ಯನಿಗೆ ಮದ್ರಾಸಿನ ಸರ್ಕಾರಿ ಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ದೆಸೆಯಿಂದ. ಸಂಶಯದ ಸಾವುಗಳಾದಾಗ ಪೊಲೀಸರು ಕಳಿಸಿದ ಹೊಟ್ಟೆ, ಕರುಳು, ವಾಂತಿಗಳನ್ನು ಪರೀಕ್ಷಿಸಿ ವಿಷವಿದೆಯೇ ಇಲ್ಲವೇ ಎಂದು ಹೇಳುವ ಜಾಗ ಅದು. ಪಳಗಿದ ಅಸಿಸ್ಟೆಂಟರು ಅನೇಕರು ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋಗಿಬಿಟ್ಟಿದ್ದರು. ನಿವೃತ್ತಿಗೆ ಬಂದಿದ್ದ ಸಾಲಿಗ್ರಾಮದ ಶಾಮರಾಯರನ್ನು ಸರ್ಕಾರ ಬಿಡದೆ ಉಳಿಸಿಕೊಂಡಿತ್ತು. ಕೆಲಸಕ್ಕೆ ಜನ ಸಾಲದೆ ಅವರು, ರಸಾಯನಶಾಸ್ತ್ರ ಓದಿ ಮನೆಯಲ್ಲಿ ಕೂತಿದ್ದ ಕಮಲಾಕ್ಷನನ್ನು ಕರೆಸಿಕೊಂಡರು.

ತಾಯಿ ಗೋದಾವರಿಯಮ್ಮನಿಗೆ ಈ ಕೆಲಸ ಹಿಡಿಸಲಿಲ್ಲ. "ರಜೆಯಂಗೆ ಮನಿಗ್ ಬಂದ್ರೆ ಸೀದಾ ಬಾವಿಕಟ್ಟೆಗ್ ಹೋಗ್. ಮಿಂದ್ಕಂಡೇ ಒಳ್ಗ್ ಬಾ" ಎಂದಷ್ಟೇ ಹೇಳಿ ಕಳಿಸಿಕೊಟ್ಟರು.

ಶಾಮರಾಯರು ಕಲಿಸುತ್ತಿದ್ದ ರೀತಿಯೇ ಬೇರೆ. ಮೊದಲ ಕೆಲವು ತಿಂಗಳು ಅವರು ಕಮಲಾಕ್ಷನಿಗೆ ಭರಣಿಗಳನ್ನು ಮುಟ್ಟಲೂ ಬಿಡಲಿಲ್ಲ. ವಿಷದ ಉಮ್ಮತ್ತದ ಬೀಜ, ಅದನ್ನೇ ಹೋಲುವ ಮೆಣಸಿನಕಾಯಿಯ ಬೀಜ, ಬದನೆ ಬೀಜಗಳನ್ನು ನೀರಿನಲ್ಲಿ ನೆನೆಸಿ, ಬಣ್ಣಗೆಡಿಸಿ, ಒಂದೇ ತಟ್ಟೆಯಲ್ಲಿ ಕಲಸಿ ಮುಂದಿಡುತ್ತಿದ್ದರು. ಹೊಟ್ಟೆಯೊಳಗೆ ಹೋದ ಬೀಜದ ಬಣ್ಣವನ್ನು ನಂಬುವ ಹಾಗಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಬೇಕು. ಒಳಗಿನ ಮೊಳಕೆಯ ಬಾಲ ಒಳಕ್ಕೆ ಸುತ್ತಿಕೊಂಡಿದ್ದರೆ ಮೆಣಸು, ತುದಿಯಲ್ಲಿ ಹೊರಕ್ಕೆ ಬಾಗಿದ್ದರೆ ಉಮ್ಮತ್ತ. ಆಮೇಲೂ ಸಂಶಯ ಉಳಿದರೆ ಬೀಜದ ರಸವನ್ನು ಪರೀಕ್ಷಾಲಯದ ಬೆಕ್ಕಿನ ಕಣ್ಣಿಗೆ ಒಂದು ಹನಿ ಬಿಡುವುದು. ಉಮ್ಮತ್ತವಾದರೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಬೆಕ್ಕು ಶಾಮರಾಯರನ್ನು ಕಂಡರೆ ಮೇಜಿನಡಿಗೆ ಸೇರುತ್ತಿತ್ತು.

ನಲವತ್ತನಾಲ್ಕರ ಬೇಸಿಗೆಯಲ್ಲಿ ಕುಂದಾಪುರ ಪೊಲೀಸರಿಂದ ಅರಗಿನ ಮುದ್ರೆ ಹಾಕಿದ ಗಾಜಿನ ಭರಣಿಗಳು ಬಂದವು. ಕೋಟದ ಕಡೆಯದ್ದೇ ಊರಾದ ಕೊಕ್ಕರ್ಣೆಯ ಅಮ್ಮಣ್ಣಿ ಶೆಡ್ತಿ ಎಂಬ ಮುದುಕಿ ಬೆಳಿಗ್ಗೆ ಗಂಜಿಯುಂಡವಳು ವಾಂತಿ ಮಾಡಿ, ಬೆವತು, ಮಧ್ಯಾಹ್ನದೊಳಗೆ ಸತ್ತಿದ್ದಳು. ವಾಂತಿಯಲ್ಲಿ ಚಪ್ಪಟೆ ಬೀಜಗಳಿದ್ದವು. ಮನೆಯ ದನದ ಹಟ್ಟಿಯ ಹಿಂದೆ ಉಮ್ಮತ್ತದ ಗಿಡಗಳಿದ್ದವು. ಗಂಜಿ ಬಡಿಸಿದ್ದು ಸೊಸೆ ಕುಸುಮಾವತಿ. ಅವಳ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದ. ಅತ್ತೆ ಸೊಸೆಗೆ ಹಿಂದಿನ ದಿನ ಜೋರು ಮಾತಾಗಿತ್ತು. ವಿಷ ಹಾಕಿದ್ದು ಸೊಸೆಯೇ ಎಂದು ಮುದುಕಿಯ ಮಗಳು ಸರಸ ದೂರು ಕೊಟ್ಟಿದ್ದಳು. ಕುಸುಮಾವತಿ ಕುಂದಾಪುರದ ಜೈಲಿನಲ್ಲಿದ್ದಳು.

ಪೊಲೀಸರ ಕಾಗದ ಓದಿ ಮುಗಿಸುವಷ್ಟರಲ್ಲಿ ಕಮಲಾಕ್ಷನಿಗೆ ಅನುಮಾನವೇ ಉಳಿಯಲಿಲ್ಲ. "ಇದು ಉಮ್ಮತ್ತವೇ ರಾಯರೆ. ಹಟ್ಟಿ ಹಿಂದೆ ಬೆಳ್ದ್ಕಂಡಿತ್ತಂಬ್ರು" ಎಂದ.

ಶಾಮರಾಯರು ಭರಣಿಯನ್ನು ಅವನ ಕೈಯಿಂದ ತೆಗೆದುಕೊಂಡರು. "ಮಾಣಿ, ಊರಿನ ಕೇಸ್ ಅಂದ್ಕೂಡ್ಲೆ ನಿನ್ನ ಮನ್ಸ್ ತೀರ್ಪ್ ಕೊಟ್ಟಾಯ್ತ್. ಇನ್ ನೀನ್ ಕನ್ನಡಿಯಂಗೆ ಎಂತ ಕಂಡ್ರೂ ಉಮ್ಮತ್ತವೇ ಕಾಂತತ್."

ಅವರು ಆ ಬೀಜಗಳನ್ನು ಒಂದು ಗಾಜಿನ ಬಟ್ಟಲಿಗೆ ಹಾಕಿದರು. ಬೇರೆ ಬಟ್ಟಲುಗಳಲ್ಲಿ ಪರೀಕ್ಷಾಲಯದ್ದೇ ಉಮ್ಮತ್ತವನ್ನೂ ಮೆಣಸನ್ನೂ ನೆನೆಸಿಟ್ಟರು. ಮೇಲೆ ಬರೀ ಗುರುತಿನ ಅಂಕಿ. ಯಾವುದು ಎಲ್ಲಿಂದ ಬಂದದ್ದೆಂದು ಹೇಳಲಿಲ್ಲ. ಕಮಲಾಕ್ಷ ಸೀಳಿ ನೋಡಿ ಪ್ರತಿಯೊಂದನ್ನೂ ಬರೆದುಕೊಟ್ಟ. ಶಾಮರಾಯರು ತಾವೂ ನೋಡಿದರು. ಬೆಕ್ಕಿನ ಕಣ್ಣು ಎರಡು ಬಟ್ಟಲುಗಳ ರಸಕ್ಕೆ ಮಾತ್ರ ಅಗಲವಾಯಿತು. ಅವೆರಡೂ ಪರೀಕ್ಷಾಲಯದವು. ಕೊಕ್ಕರ್ಣೆಯ ಬಟ್ಟಲಿನ ಎದುರು ಕಮಲಾಕ್ಷ ತನ್ನ ಕೈಯಾರೆ 'ಮೆಣಸು' ಎಂದು ಬರೆದಿದ್ದ.

ಅವನು ಆ ಬಟ್ಟಲಿನ ಬೀಜಗಳನ್ನು ಮತ್ತೊಮ್ಮೆ ಭೂತಗನ್ನಡಿಯಲ್ಲಿ ನೋಡಿದ. ಆಮೇಲೆ ಇಬ್ಬರೂ ಸೇರಿ ಪಾಷಾಣ, ಕಾಸರಕ, ಅಫೀಮು ಎಲ್ಲದಕ್ಕೂ ಪರೀಕ್ಷೆ ಮಾಡಿದರು. ಯಾವ ವಿಷವೂ ಸಿಗಲಿಲ್ಲ. ಹಾಗೆಂದೇ ವರದಿ ಹೋಯಿತು. ಮುದುಕಿ ಯಾತರಿಂದ ಸತ್ತಳೆಂದು ಅವರು ಬರೆಯಲಿಲ್ಲ, ಅದು ಭರಣಿಯಿಂದ ತಿಳಿಯುವ ವಿಷಯವಲ್ಲ ಎಂದರು ಶಾಮರಾಯರು. ಆ ದಿನ ಹೊರಡುವಾಗ ಕಮಲಾಕ್ಷ ಅವರ ಕಾಲು ಮುಟ್ಟಿದ. "ಹೋಗ್, ಕೈ ತೊಳಿ ಮೊದ್ಲ್" ಎಂದರು ಅವರು.

ಯುದ್ಧ ಮುಗಿದ ಮೇಲೆ ಶಾಮರಾಯರು ನಿವೃತ್ತರಾಗಿ ಸಾಲಿಗ್ರಾಮಕ್ಕೆ ಬಂದರು. ಮರುವರ್ಷ ಕಮಲಾಕ್ಷ ರಜೆಯಲ್ಲಿ ಊರಿಗೆ ಬಂದಾಗ, ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ಚಿಕ್ಕ ಹುಡುಗಿಯೊಬ್ಬಳ ಕೈಹಿಡಿದುಕೊಂಡು ಅಂಗಳದಲ್ಲಿ ನಿಂತರು. "ಹ್ವಾಯ್, ಮದ್ರಾಸಿನ ಮಯ್ಯರ ಮನಿ ಇದೇ ಅಲ್ದಾ?" ಎಂದು ದೊಡ್ಡವಳು ಕೇಳಿದಳು. ಗೋದಾವರಿಯಮ್ಮ ಚಾಪೆ ಹಾಸಿದರು.

"ನಾನ್ ಕೊಕ್ಕರ್ಣೆ ಸರಸ. ಇವ್ಳ್ ನನ್ ತಮ್ಮನ ಹೆಂಡ್ತಿ ಕುಸುಮಾವತಿ" ಎಂದಳು ದೊಡ್ಡವಳು. "ಇವ್ಳ್ ಮೇಲೆ ದೂರು ಕೊಟ್ಟವ್ಳ್ ನಾನೇ. ಆ ಕಚೇರಿಯಂಗೆ ಕೋಟದವ್ರೊಬ್ರು ಇದ್ರಂದ್ ಕುಂದಾಪ್ರದ ವಕೀಲ್ರು ಹೇಳ್ರ್."

ಕಮಲಾಕ್ಷನಿಗೆ ಮುಜುಗರವಾಯಿತು. "ನಾನ್ ಯಾರ ಪರವಾಗೂ ಎಂತ ಮಾಡ್ಲಿಲ್ಲೆ. ಉಮ್ಮತ್ತ ಆಗಿದ್ರೆ ಉಮ್ಮತ್ತ ಅಂದೇ ಬರಿತಿದ್ದೆ."

ಕುಸುಮಾವತಿ ಮೊದಲ ಸಲ ತಲೆಯೆತ್ತಿದಳು. "ಹೌದ್ ಮಯ್ಯರೆ. ಜೈಲಂಗೆ ಕೂಕಂಡ್ ನಾನ್ ಬೇಡ್ಕಂಡದ್ದೂ ಅದನ್ನೇ. ನನ್ನ ಗುರ್ತ ಇಲ್ಲದವ್ರ ಕೈಗ್ ಹೋಗ್ಲಿ, ಇದ್ದದ್ದ್ ಇದ್ದಂಗೆ ಹೇಳ್ಲಿ ಅಂದ್."

"ನಮ್ಮಬ್ಬಿ ಮುಂಚೆ ಎಷ್ಟೋ ಸಲ ಎದಿ ಹಿಡ್ಕಂಡ್ ಕೂಕಂಬ್ದನ್ನ ನಾನ್ ಕಂಡಿದ್ದೆ" ಎಂದಳು ಸರಸ, ತಾಯಿಯನ್ನು ನೆನೆದು. "ಯಾರಿಗೂ ಹೇಳ್ಬೇಡ ಅಂದಿದ್ರ್. ಅವ್ರ್ ಸತ್ತ ದಿನ ಅದೆಲ್ಲ ತಲೆಗೇ ಬರ್ಲಿಲ್ಲೆ. ನಿಮ್ಮ ಕಾಗ್ದ ಬಂದ್ ಇವ್ಳನ್ನ ಬಿಟ್ಮೇಲೆ ಒಂದೊಂದೇ ನೆನ್ಪಾಯ್ತ್. ಇವ್ಳಿಗೆ ಗಲ್ಲಾಗಿದ್ರೆ ನಾನ್ ಹ್ಯಾಂಗೆ ಬದ್ಕುದಿತ್ತ್ ಹೇಳಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಗೋದಾವರಿಯಮ್ಮ ಕುಸುಮಾವತಿಯನ್ನು ಮೆಲ್ಲಗೆ ಕೇಳಿದರು, "ಹೆಣ್ಣೆ, ನಿಂಗ್ ಇವ್ರ್ ಮೇಲೆ ಸಿಟ್ಟಿಲ್ಯಾ?"

"ಇತ್ತಮ್ಮ. ಬಂದ್ಮೇಲೆ ಎಷ್ಟೋ ದಿನ ಮಾತೇ ಆಡ್ಲಿಲ್ಲೆ. ಆದ್ರೆ ನಾನ್ ಜೈಲಂಗೆ ಇಪ್ಪತಿಗೆ ಮಗ್ಳನ್ನ ಮೀಸಿ, ಉಣ್ಸಿ, ಒಟ್ಟಿಗ್ ಮನಿಕ್ಕಂಡದ್ದ್ ಅತ್ತಿಗಿಯೇ. ನಾನ್ ಬಂದ್ರೂ ಮಗ್ಳ್ ಅವ್ರನ್ನ ಬಿಡ್ಲಿಲ್ಲೆ. ಆಮೇಲೆ ನಾನ್ ಎಂತಕ್ಕೆ ದೂರ ಇಪ್ಪುದು?"

ಹುಡುಗಿ ಸರಸಳ ಮಡಿಲಿನಲ್ಲಿಯೇ ಕುಳಿತಿದ್ದಳು.

ಕಮಲಾಕ್ಷ ಎದ್ದು ಅಂಗಿ ಹಾಕಿಕೊಂಡ. ಬೀಜಗಳನ್ನು ಬೇರೆ ಬೇರೆ ಬಟ್ಟಲಿಗೆ ಹಾಕಿದವರ ಕಥೆ ಹೇಳಿ, "ಅವ್ರಿಲ್ದಿದ್ರೆ ನಾನ್ ತಪ್ಪುತ್ತಿದ್ದೆ. ಬನ್ನಿ, ಅವ್ರ್ ಮನಿಗ್ ಹೋಪ" ಎಂದ.

ಸಾಲಿಗ್ರಾಮದ ಮನೆಯ ಜಗಲಿಯಲ್ಲಿ ಶಾಮರಾಯರು ಕಾಲು ಚಾಚಿ ಕುಳಿತಿದ್ದರು. ಕಮಲಾಕ್ಷ ಗುರುತು ಹೇಳಿದಾಗ ಅವರು ಕಾಲು ಮಡಚಿ ನೇರವಾದರು. ಕುಸುಮಾವತಿಯನ್ನೂ ಹುಡುಗಿಯನ್ನೂ ನೋಡಿದರು. ಅವರ ಕಣ್ಣು ತುಂಬಿತ್ತು.

"ಎಷ್ಟೋ ವರ್ಷ ಸತ್ತವ್ರದ್ದೇ ಕೆಲ್ಸ ಮಾಡ್ದೆ" ಎಂದರು. "ಬದ್ಕಿದ್ದವ್ರ್ ಒಬ್ರೂ ಹುಡ್ಕಂಡ್ ಬಂದಿರ್ಲಿಲ್ಲೆ. ನೀವ್ ಬಂದದ್ದ್ ದೊಡ್ಡ ಉಪಕಾರ."

ಕುಸುಮಾವತಿ ಬಗ್ಗಿ ನಮಸ್ಕರಿಸಿದಳು. ಪಕ್ಕದಲ್ಲಿ ಸರಸಳೂ ಬಗ್ಗಿದಳು. ಶಾಮರಾಯರು ಹುಡುಗಿಯನ್ನು ಹತ್ತಿರ ಕರೆದು ಹೆಸರು ಕೇಳಿದರು. "ರತ್ನ" ಎಂದಿತು ಮಗು.

ಅವರು ಒಳಗೆ ತಿರುಗಿ, ಹೆಂಡತಿ ಪಂಕಜಾಕ್ಷಿಯನ್ನು ಕರೆದು, ಊಟಕ್ಕೆ ಜನ ಇದ್ದಾರೆ ಎಂದರು. ಬಸ್ಸಿಗೆ ತಡವಾಗುತ್ತದೆ ಎಂದಳು ಸರಸ. ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಪಂಕಜಾಕ್ಷಿ ಒಳಗಿನಿಂದಲೇ ಹೇಳಿದರು. ಕೊಕ್ಕರ್ಣೆಗೆ ಬ್ರಹ್ಮಾವರದ ಮೇಲೆ ಹೋಗಬೇಕು; ಮಳೆಗಾಲ ಬರುವವರೆಗೆ ಆ ಕಡೆಗೆ ಬಸ್ಸುಗಳು ಸಾಕಷ್ಟಿದ್ದವು.