ಓದದೆ ಬಿಟ್ಟ ಹೆಸರು

ನರೀನ್ ನದಿಯ ಮೇಲ್ದಂಡೆಯ ನಮ್ಮ ಸಣ್ಣ ಆಸ್ಪತ್ರೆಗೆ ಹೊಸ ಕಂಪ್ಯೂಟರ್ ಬಂದಾಗ, ಹಳೆಯದರಲ್ಲಿದ್ದ ರೋಗಿಗಳ ಮಾಹಿತಿಯನ್ನೆಲ್ಲ ಅದಕ್ಕೆ ಸಾಗಿಸುವ ಕೆಲಸ ನನಗೆ ಬಿತ್ತು. ಊರಿಗೊಂದು ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಇಳಿಸಿದೆ. ಆಮೇಲೆ ಪ್ರತಿ ಫೈಲಿನ ಕೊನೆಯ ಹೆಸರನ್ನು ನಾನು ಹಳೆಯ ಪರದೆಯಿಂದ ಗಟ್ಟಿಯಾಗಿ ಓದಬೇಕು, ಜೊತೆಗೆ ಕೆಲಸ ಮಾಡುವ ಬುರುಲ್ ಅಕ್ಕ ಹೊಸದರಲ್ಲಿ ಹುಡುಕಿ "ಇದೆ" ಅನ್ನಬೇಕು. ಕೊನೆಯದು ಬಂದಿದ್ದರೆ ಅದರ ಹಿಂದಿನವೂ ಬಂದಿವೆ ಎಂದರ್ಥ.

ಎಲ್ಲಕ್ಕಿಂತ ಕಡೆಗೆ ಇಳಿಸಿದ್ದು ನನ್ನ ಗಂಡ ಎಸೆನ್‌ನ ಊರು. ಅದರ ಕೊನೆಯ ಹೆಸರು ಮಾವನವರದು. ಸೊಸೆ ಮಾವನ ಹೆಸರು ಎತ್ತುವಂತಿಲ್ಲ. ಎಸೆನ್ ಇದ್ದಾಗ ಇಂಥ ಕಡೆ ಅವನೇ ಹೇಳಿಬಿಡುತ್ತಿದ್ದ. ಅವನು ತೀರಿಹೋದದ್ದು ಹಿಂದಿನ ಚಳಿಗಾಲದಲ್ಲಿ.

"ಹೂಂ, ಹೇಳು," ಎಂದಳು ಬುರುಲ್ ಅಕ್ಕ.

"ಇದನ್ನ ನಾನೇ ನೋಡ್ದೆ ಅಕ್ಕ. ಇದೆ."

"ಏನೇ ಜೀಪಾರ್, ಯೂನಿವರ್ಸಿಟಿ ಓದಿ ಬಂದೋಳು, ನಾಲಿಗೆ ಕಚ್ಕೊಂಡ್ಯಾ?" ಎಂದು ನಕ್ಕಳು. ಅವಳೂ ಒಂದು ಮನೆಯ ಸೊಸೆ, ಕೆದಕಲಿಲ್ಲ. ಹಳೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಶಾಲೆಗೆ ಕೊಟ್ಟೆವು.

ಇವತ್ತು ಮಾವನವರು ಜ್ವರದಲ್ಲಿ, ಎದೆ ಕಟ್ಟಿಕೊಂಡು ಬಂದರು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಒಗ್ಗದೆ ಅವರ ಮೈಯೆಲ್ಲ ಊದಿ, ಉಸಿರೇ ಹೋದಂತಾಗಿತ್ತು. ಯಾವುದದು ಎಂದು ಡಾಕ್ಟರ್ ಮಾಕ್ಸತ್ ಕೇಳಿದರು.

"ನಂಗೇನಪ್ಪಾ ಗೊತ್ತು? ಕುದುರೆ ವಿಷ್ಯ ಕೇಳು, ಹೇಳ್ತೀನಿ. ಔಷ್ಧಿದೆಲ್ಲ ನಮ್ಮ ಸೊಸೆ ಕಂಪ್ಯೂಟರಲ್ಲಿದೆ," ಎಂದು ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದರು.

ಇರಲಿಲ್ಲ. ಪೆನ್‌ಡ್ರೈವ್ ತುಂಬಿಹೋಗಿ ಫೈಲು ನಡುವೆಯೇ ತುಂಡಾಗಿತ್ತು. ಅರ್ಧ ಊರು ಇರಲಿಲ್ಲ.

"ಕೊನೆ ಹೆಸ್ರು ಓದಿ ನೋಡ್ಲಿಲ್ವಾ?" ಎಂದರು ಡಾಕ್ಟರ್.

"ಓದ್ಲಿಲ್ಲ."

"ಯಾಕೆ?"

ಬುರುಲ್ ಅಕ್ಕ ಕಿಟಕಿಯತ್ತ ತಿರುಗಿದಳು. ಮಾವನವರಿಗೆ ಅರ್ಥವಾಯಿತು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ಹೊಸ ಕಾರ್ಡು ಮಾಡಬೇಕಾಯಿತು. ಬುರುಲ್ ಅಕ್ಕ ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಹೆಸರು ಅವಳಿಗೂ ಗೊತ್ತು. ಆದರೂ ಕಾದಳು.

"ಶೆರ್ಗಾಜಿ," ಎಂದೆ. ದನಿ ನನಗೇ ಕೇಳಿಸಲಿಲ್ಲ.

"ಇನ್ನೊಂದ್ಸಲ ಹೇಳಮ್ಮ," ಎಂದರು ಮಾವನವರು, ನೆಲ ನೋಡುತ್ತ. "ಅವ್ಳು ಸರಿಯಾಗಿ ಬರ್ಕೊಳ್ಲಿ."

ಮತ್ತೆ ಹೇಳಿದೆ. ಒಗ್ಗದ ಔಷಧಿ ಎಂಬಲ್ಲಿ ಬುರುಲ್ ಅಕ್ಕ "ಗೊತ್ತಿಲ್ಲ" ಎಂದು ಹಾಕಿದಳು. ಡಾಕ್ಟರ್ ಸಿರಿಂಜನ್ನು ಟ್ರೇಗೆ ವಾಪಸ್ ಇಟ್ಟು, ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಲು ಗಾಡಿ ಕರೆಸಿದರು.

ಮಾವನವರು ಕೆಮ್ಮುತ್ತ ಎದ್ದರು. ಬಾಗಿಲ ಬಳಿ ನಿಂತರು.

"ನೀನೂ ಬಾ," ಎಂದರು. "ಅಲ್ಲೂ ಹೆಸ್ರು ಕೇಳ್ತಾರೆ."