ಶಿವಬಸವ್ವನ ಕುಂಕುಮ

ಮೈತೊಳೆಸಿದ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದಾದ ಮೇಲೆ ಕುಂಕುಮದ ಬಟ್ಟಲಿಗೆ ಕೈ ಹಾಕಿದ ನೆರೆಮನೆಯ ಈರವ್ವ ಹಾಗೇ ತಡೆದಳು.

"ಗೌರಾ, ನಿಮ್ಮವ್ವಗ ಕುಂಕುಮ ಹಚ್ಚೂದೋ ಬ್ಯಾಡೋ? ನಿಮ್ಮಪ್ಪ ಮನಿ ಬಿಟ್ಟು ಇಪ್ಪತ್ತೆರಡು ವರ್ಷಾತು. ಹನ್ನೆರಡು ದಾಟಿದ್ರ ಸತ್ತಂಗನ ಲೆಕ್ಕ."

"ಅವ್ವ ನಿನ್ನಿತನಕಾ ಹಚ್ಕೊಂಡಾಳಲ್ಲ ದೊಡ್ಡವ್ವಾ," ಎಂದಳು ಗೌರಕ್ಕ.

"ಹಚ್ಕೊಂಡಾಳ, ಖರೇ. ಆದ್ರ ಅವ ಅದಾನಂತ ಕಂಡವರ್ಯಾರು?"

ಊರಿಗೆಲ್ಲ ಇನ್‌ಫ್ಲುಯೆಂಜಾ ಬಂದ ವರ್ಷ, ಮುಂಬೈ ಗಿರಣಿಗೆ ಹೋಗುತ್ತೇನೆಂದು ಹೊರಟ ಗೌರಕ್ಕನ ಅಪ್ಪ ಮಡಿವಾಳಪ್ಪ ತಿರುಗಿ ಬರಲಿಲ್ಲ. ಶಿವಬಸವ್ವ ಹತ್ತಿ ಗಿರಣಿಯಲ್ಲಿ ಕಸ ಆರಿಸಿ ಮಗಳನ್ನು ಬೆಳೆಸಿ, ಉಣಕಲ್ಲಿಗೆ ಕೊಟ್ಟು ಮದುವೆ ಮಾಡಿದಳು. ದಿನಾ ಮುಂಜಾನೆ ಕಾಸಿನಗಲ ಕುಂಕುಮವಿಟ್ಟೇ ಕೆಲಸಕ್ಕೆ ಹೋಗುವಳು. ಆದರೆ ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಬಸುರಿಯರ ಕುಬಸಕ್ಕಾಗಲಿ, ಉಡಿ ತುಂಬುವುದಕ್ಕಾಗಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಅವಳು ಮುತ್ತೈದೆಯೋ ಅಲ್ಲವೋ ಯಾರಿಗೂ ಖಾತ್ರಿಯಿರಲಿಲ್ಲ.

*

ಹೋದ ವರ್ಷ ಸುಗ್ಗಿಯಲ್ಲಿ ಗೌರಕ್ಕ ಅಮ್ಮಿನಬಾವಿಗೆ ಹೋಗಿದ್ದಳು. ಅಪ್ಪ ಅಲ್ಲಿದ್ದಾನೆಂದು ಹತ್ತಿ ಗಾಡಿಯವನೊಬ್ಬ ಹೇಳಿದ್ದ. ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ ಮುದುಕ, ಅವಳು ತನ್ನ ಹೆಸರು ಹೇಳಿದ ಮೇಲೂ ಹೊಸೆಯುತ್ತಲೇ ಇದ್ದ.

"ಯಾರ್ರಿ ಬಂದವರು?" ಎಂದಿತು ಒಳಗಿನಿಂದ ಒಂದು ಹೆಣ್ಣು ದನಿ.

"ಯಾರೋ ಹುಬ್ಬಳ್ಳಿಯವರು. ದಾರಿ ಕೇಳಾಕತ್ತಾರ," ಎಂದ ಮಡಿವಾಳಪ್ಪ. ಆಮೇಲೆ ಮೆಲ್ಲಗೆ, "ನಿಮ್ಮವ್ವಗ ಹೇಳಬ್ಯಾಡವಾ. ಲಗೂ ಹೋಗು, ಮೋಟಾರು ತಪ್ಪತೈತಿ," ಎಂದ.

ತವರಿಗೆ ಬಂದು ಅವಳು, "ಸಿಗಲಿಲ್ಲವ್ವಾ," ಎಂದಳು.

ಶಿವಬಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇರಲಿ. ಕೈಕಾಲು ತೊಳ್ಕೊ, ಉಣ್ಣು," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

*

"ನಾ ಕಂಡೇನಿ," ಎಂದಳು ಗೌರಕ್ಕ. "ಅಮ್ಮಿನಬಾವ್ಯಾಗ ಅದಾನ. ಅಲ್ಲೇ ಇನ್ನೊಬ್ಬಾಕಿ ಕೂಡ ಸಂಸಾರ ಮಾಡ್ಯಾನ."

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಳಗೆ ಬಗ್ಗಿ ನೋಡಿದರು.

"ನಿಮ್ಮವ್ವಗ ಗೊತ್ತಿತ್ತೇನು?" ಎಂದಳು ಈರವ್ವ.

"ನಾ ಹೇಳಿರಲಿಲ್ಲ."

"ಅವಗ ಸುದ್ದಿ ಮುಟ್ಟಿಸಬೇಕಲ್ಲ?"

"ನಿನ್ನಿ ಮೋಟಾರಿನವರ ಕೈಲೆ ಹೇಳಿ ಕಳಿಸಿದ್ದೆ. ಈಗ ಜವಾಬು ಬಂತು. ಮೈಯಾಗ ಆರಾಮಿಲ್ಲಂತ, ಬರೂದಿಲ್ಲಂತ."

ಈರವ್ವ ಮತ್ತೆ ಬಟ್ಟಲಿಗೆ ಕೈ ಹಾಕಿದಳು. ಹಣೆತುಂಬ ಕುಂಕುಮ ಹಚ್ಚಿದಳು. ಹಸಿರು ಸೀರೆ ಹೊದಿಸಿದಳು. ಸೆಟೆದ ಕೈಗೆ ಬಳೆ ಏರಲಿಲ್ಲ, ಅವನ್ನು ಉಡಿಯಲ್ಲಿಟ್ಟಳು. ಕೊನೆಗೆ ಹೆಣದ ಪಾದಕ್ಕೆ ತಲೆ ತಾಗಿಸಿ, ಬಾಗಿಲ ಕಡೆ ತಿರುಗಿದಳು. "ಮುತ್ತೈದಿಯಾಗಿ ಹೋದಾಳ. ಬರ್ರಿ, ಕುಂಕುಮ ತಗೋರಿ."

ಹೋದ ವರ್ಷವೇ ಈ ಒಂದು ಮಾತು ಆಡಿದ್ದರೆ ಅವ್ವ ಯಾರದಾದರೂ ಕುಬಸಕ್ಕೆ ಹೋಗಿ ಬರುತ್ತಿದ್ದಳು ಎಂದು ಗೌರಕ್ಕನಿಗೆ ಆಗ ಹೊಳೆಯಿತು.

ಓಣಿಯ ಹೆಂಗಸರೆಲ್ಲ ಒಳಗೆ ಬಂದರು. ಸತ್ತವಳ ಹಣೆಯ ಕುಂಕುಮ ಮುಟ್ಟಿ ತಮ್ಮ ಹಣೆಗೆ ಒತ್ತಿಕೊಳ್ಳಲು ಒಬ್ಬರ ಹಿಂದೊಬ್ಬರು ನುಗ್ಗಿದರು. ಗೌರಕ್ಕ ಜಾಗ ಬಿಡುತ್ತ ಬಿಡುತ್ತ ಹೊಸ್ತಿಲಿಗೆ ಬಂದು ನಿಂತಳು. ಅಲ್ಲಿಂದ ಅವ್ವನ ಮುಖ ಕಾಣುತ್ತಿರಲಿಲ್ಲ. ಬಾಗಿದ ಬೆನ್ನುಗಳಷ್ಟೇ ಕಾಣುತ್ತಿದ್ದವು.